ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಎಸ್‌ಡಿಎಂಸಿ ಮತ್ತು ಪೋಷಕರು ಏನು ಮಾಡಬಹುದು?

ಪ್ರಶ್ನೆ: ಎಸ್‌ಡಿಎಂಸಿ ಅಧ್ಯಕ್ಷೆ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ.

ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ (ಎಸ್‌ಡಿಎಂಸಿ) ಇತ್ತೀಚೆಗೆ ಪೋಷಕರ ಸಭೆಯಲ್ಲಿ ಹೊಸದಾಗಿ ಆಯ್ಕೆ ನಡೆದು, ನನ್ನನ್ನು ಅಧ್ಯಕ್ಷೆಯನ್ನಾಗಿ ಮಾಡಿದ್ದಾರೆ. ನನ್ನ ಮಗಳು ಮೂರನೇ ತರಗತಿಯಲ್ಲಿಯೂ ಮಗ ಒಂದನೇ ತರಗತಿಯಲ್ಲಿಯೂ ಅಲ್ಲೇ ಓದುತ್ತಿದ್ದಾರೆ. ಒಂದರಿಂದ ಐದನೇ ತರಗತಿವರೆಗೆ ಒಟ್ಟು 64 ಮಕ್ಕಳಿದ್ದಾರೆ. ಮುಖ್ಯ ಶಿಕ್ಷಕಿಯವರೂ ಸೇರಿದಂತೆ ಇಬ್ಬರು ಕಾಯಂ ಶಿಕ್ಷಕರಿದ್ದು, ಒಬ್ಬರು ಅತಿಥಿ ಶಿಕ್ಷಕಿ ಬರುತ್ತಾರೆ. ಮೂವರೂ ಮನಸ್ಸಿಟ್ಟು ಪಾಠ ಮಾಡುವವರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಪ್ರಶ್ನೆ ಅವರ ಮೇಲಿನ ದೂರಲ್ಲ.

ಈವರೆಗೆ ನಮ್ಮಲ್ಲಿ ಸಮಿತಿಯೆಂದರೆ ಸ್ವಾತಂತ್ರ್ಯ ದಿನಾಚರಣೆಯಂದು ಧ್ವಜಸ್ತಂಭದ ಬಳಿ ನಿಲ್ಲುವುದು, ಕೇಳಿದಾಗ ನಡಾವಳಿ ಪುಸ್ತಕಕ್ಕೆ ಸಹಿ ಹಾಕುವುದು, ಬಣ್ಣ ಹೊಡೆಸಲೋ ಕುರ್ಚಿ ತರಿಸಲೋ ದಾನಿಗಳನ್ನು ಹುಡುಕುವುದು ಎಂಬಂತೆ ನಡೆದುಕೊಂಡು ಬಂದಿದೆ. ಇಷ್ಟಕ್ಕೇ ಒಂದು ಸಮಿತಿ ಬೇಕೇ ಎಂದು ನನಗೆ ಅನ್ನಿಸುತ್ತದೆ. ಹಾಗೆಂದು ದಿನಾ ಶಾಲೆಗೆ ಹೋಗಿ ತರಗತಿಯ ಬಾಗಿಲಲ್ಲಿ ನಿಂತು ಪಾಠ ನೋಡುವುದೂ ಸರಿಯಲ್ಲ. ಈ ಎರಡರ ನಡುವೆ ನಮ್ಮ ಕೆಲಸ ಯಾವುದು, ಅದನ್ನು ಎಲ್ಲಿಂದ ಆರಂಭಿಸಬೇಕು ಎಂಬುದನ್ನು ಅನುಭವವಿರುವವರು ತಿಳಿಸಬೇಕೆಂದು ಕೋರುತ್ತೇನೆ.

ನಮ್ಮ ಪರಿಸ್ಥಿತಿಯನ್ನೂ ಸ್ವಲ್ಪ ವಿವರಿಸುತ್ತೇನೆ. ತಾಯಂದಿರಲ್ಲಿ ಹಲವರು ಬೆಳಗಾಗುತ್ತಲೇ ಗಾರ್ಮೆಂಟ್ಸ್ ಬಸ್ಸು ಹತ್ತುತ್ತಾರೆ. ಉಳಿದವರು ಕೂಲಿಗೆ, ಅಡಿಕೆ ಸುಲಿಯುವ ಕಾಲದಲ್ಲಿ ಅಡಿಕೆ ಮನೆಗಳಿಗೆ ಹೋಗುತ್ತಾರೆ. ಆದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಕರೆದ ಸಭೆಗೆ ಕೋರಂ ತುಂಬುವುದೇ ಕಷ್ಟ. ಇನ್ನೊಂದು ಕಡೆ, ಖಾಸಗಿ ಶಾಲೆಯ ವ್ಯಾನು ಊರ ಬಾಗಿಲಿಗೇ ಬರುತ್ತದೆ. ಮುಂದಿನ ವರ್ಷ ತಮ್ಮ ಮಕ್ಕಳನ್ನು ಅದರಲ್ಲಿ ಕಳಿಸುವುದಾಗಿ ಕೆಲವರು ಈಗಾಗಲೇ ಹೇಳುತ್ತಿದ್ದಾರೆ. ಅವರನ್ನು ತಡೆಯುವ ಅಧಿಕಾರ ನನಗಿಲ್ಲ, ಆದರೆ ಅವರಿಗೆ ಏನು ಹೇಳಬೇಕೆಂಬುದೂ ತಿಳಿಯುತ್ತಿಲ್ಲ.

ಉತ್ತರ 1: ನಿವೃತ್ತ ಮುಖ್ಯ ಶಿಕ್ಷಕರು, ಕೊಪ್ಪಳ ಜಿಲ್ಲೆ

ಅಧ್ಯಕ್ಷರೇ, ನಮಸ್ಕಾರ. ನೀವು ಕೊಟ್ಟ ಅಂಕಿಗಳಲ್ಲಿಯೇ ನಿಮ್ಮ ಮೊದಲ ಕೆಲಸ ಕಾಣುತ್ತಿದೆ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯ ಪ್ರಕಾರ ಒಂದರಿಂದ ಐದನೇ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು, 61ರಿಂದ 90ರವರೆಗೆ ಮೂವರು ಶಿಕ್ಷಕರಿರಬೇಕು. 64 ಮಕ್ಕಳಿರುವ ನಿಮ್ಮ ಶಾಲೆಗೆ ಮೂರನೆಯ ಕಾಯಂ ಶಿಕ್ಷಕರನ್ನು ಕೇಳಲು ಕಾನೂನಿನ ಆಧಾರವಿದೆ. ಆದರೆ ನಾಲ್ಕು ಮಕ್ಕಳು ಆ ವ್ಯಾನು ಹತ್ತಿದರೆ ಸಂಖ್ಯೆ 60ಕ್ಕೆ ಇಳಿದು ಆ ಆಧಾರವೇ ಇಲ್ಲವಾಗುತ್ತದೆ. ಶಿಕ್ಷಕರು ಕಡಿಮೆಯೆಂದು ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದರೆಂದು ಶಿಕ್ಷಕರ ಹುದ್ದೆ ಹೋಗುತ್ತದೆ. ಸಣ್ಣ ಶಾಲೆಗಳು ಸೊರಗುವುದು ಬಹುಮಟ್ಟಿಗೆ ಹೀಗೆಯೇ. ಆದ್ದರಿಂದ ಬಣ್ಣ, ಕುರ್ಚಿಗಳನ್ನು ಸದ್ಯಕ್ಕೆ ಬದಿಗಿಟ್ಟು ಈ ಎರಡು ಸಂಖ್ಯೆಗಳನ್ನು ಸಮಿತಿಯ ಎಲ್ಲ ಸದಸ್ಯರಿಗೂ ತಿಳಿಸಿ ಹೇಳಿ.

ಸಮಿತಿ ಯಾಕೆ ಬಂತೆಂಬುದನ್ನೂ ಸದಸ್ಯರು ತಿಳಿದಿದ್ದರೆ ಒಳ್ಳೆಯದು. ಡಾ. ರಾಜಾ ರಾಮಣ್ಣ ಅವರ ಅಧ್ಯಕ್ಷತೆಯ ಶಿಕ್ಷಣ ಕಾರ್ಯಪಡೆಯ ಶಿಫಾರಸಿನ ಹಿನ್ನೆಲೆಯಲ್ಲಿ, 2001ರ ಏಪ್ರಿಲ್‌ನಲ್ಲಿ ಸರ್ಕಾರ ಆದೇಶ ಹೊರಡಿಸಿ, ಪ್ರತಿ ಸರ್ಕಾರಿ ಶಾಲೆಗೂ ಪೋಷಕರೇ ಆರಿಸುವ ಸಮಿತಿಯನ್ನು ತಂದಿತು. ದೇಶದ ಕಾಯ್ದೆ ಬಂದದ್ದು 2009ರಲ್ಲಿ, ಜಾರಿಯಾದದ್ದು 2010ರ ಏಪ್ರಿಲ್ 1ರಂದು. ಅದರ 21ನೇ ಪ್ರಕರಣದಂತೆ ಸಮಿತಿಯ ನಾಲ್ಕರಲ್ಲಿ ಮೂರು ಭಾಗ ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು, ಹಿಂದುಳಿದ ಮತ್ತು ದುರ್ಬಲ ವರ್ಗಗಳ ಪೋಷಕರಿಗೆ ಅವರ ಮಕ್ಕಳ ಪ್ರಮಾಣಕ್ಕೆ ತಕ್ಕ ಸ್ಥಾನ ಸಿಗಬೇಕು. ಕೆಲಸಗಳನ್ನೂ ಅದೇ ಪ್ರಕರಣ ಹೇಳಿದೆ: ಶಾಲೆ ನಡೆಯುವ ರೀತಿಯನ್ನು ಗಮನಿಸುವುದು, ಶಾಲಾಭಿವೃದ್ಧಿ ಯೋಜನೆಯನ್ನು ತಯಾರಿಸಿ ಶಿಫಾರಸು ಮಾಡುವುದು, ಬಂದ ಅನುದಾನ ಹೇಗೆ ಬಳಕೆಯಾಗುತ್ತಿದೆಯೆಂದು ನೋಡುವುದು. ದಾನಿಗಳನ್ನು ಹುಡುಕುವುದು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ.

ಇವುಗಳಲ್ಲಿ ಎರಡನೆಯದನ್ನು, ಅಂದರೆ ಶಾಲಾಭಿವೃದ್ಧಿ ಯೋಜನೆಯನ್ನು, ಹೆಚ್ಚಿನ ಕಡೆ ಕಾಗದ ತುಂಬುವ ಕೆಲಸವೆಂದು ಭಾವಿಸುತ್ತಾರೆ. ನನ್ನ ದೃಷ್ಟಿಯಲ್ಲಿ ಸಮಿತಿಯ ಕೈಯಲ್ಲಿರುವ ದೊಡ್ಡ ಸಾಧನವೇ ಅದು. ಕೇಂದ್ರದ ಮಾದರಿ ನಿಯಮಗಳ ಪ್ರಕಾರ ಇದು ಮೂರು ವರ್ಷದ ಯೋಜನೆ. ಮುಂದಿನ ಪ್ರತಿ ವರ್ಷ ತರಗತಿವಾರು ಎಷ್ಟು ಮಕ್ಕಳು ಬರಬಹುದು, ಎಷ್ಟು ಶಿಕ್ಷಕರು ಹೆಚ್ಚಿಗೆ ಬೇಕು, ಯಾವ ಕೊಠಡಿ, ಶೌಚಾಲಯ, ಆವರಣ ಗೋಡೆ ಬೇಕು, ಅದಕ್ಕೆ ಹಣವೆಷ್ಟು ಎಂಬುದನ್ನು ಬರೆದು, ಅಧ್ಯಕ್ಷರು ಮತ್ತು ಮುಖ್ಯ ಶಿಕ್ಷಕರು ಸಹಿ ಮಾಡಿ, ಆರ್ಥಿಕ ವರ್ಷ ಮುಗಿಯುವುದರೊಳಗೆ ಸಲ್ಲಿಸಬೇಕು. ಮಕ್ಕಳ ಸಂಖ್ಯೆಯನ್ನು ಅಂದಾಜಿನಿಂದ ಬರೆಯಬೇಡಿ. ಅಂಗನವಾಡಿ ಕಾರ್ಯಕರ್ತೆಯವರನ್ನು ಕರೆದು, ಊರಿನಲ್ಲಿ ನಾಲ್ಕು, ಐದು, ಆರು ವರ್ಷದ ಮಕ್ಕಳು ಯಾವ ಯಾವ ಮನೆಯಲ್ಲಿದ್ದಾರೆಂದು ಮನೆವಾರು ಪಟ್ಟಿ ಮಾಡಿಸಿ. ಅವರ ಬಳಿ ಆ ಮಾಹಿತಿ ಈಗಾಗಲೇ ಇರುತ್ತದೆ. ಮುಂದಿನ ಜೂನ್‌ನಲ್ಲಿ ಒಂದನೇ ತರಗತಿಗೆ ಸೇರಬೇಕಾದ ಮಗುವಿನ ತಾಯಿಯೊಂದಿಗೆ ಮಾತನಾಡಲು ಡಿಸೆಂಬರ್, ಜನವರಿಯೇ ಸರಿಯಾದ ಕಾಲ. ಏಪ್ರಿಲ್‌ಗೆ ಕಾದರೆ ಖಾಸಗಿ ಶಾಲೆಗೆ ಮುಂಗಡ ಕಟ್ಟಿ ಆಗಿರುತ್ತದೆ.

ಎರಡನೆಯ ಮಾತು ಹಾಜರಾತಿಯದು. ನಮ್ಮ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿಯೂ, ಕುಟುಂಬಗಳು ಗುಳೆ ಹೋಗುವ ತಿಂಗಳುಗಳಲ್ಲಿಯೂ ಮಕ್ಕಳು ಶಾಲೆ ತಪ್ಪಿಸುತ್ತಾರೆ. ನಿಮ್ಮಲ್ಲಿ ಅಡಿಕೆ ಸುಲಿಯುವ ಕಾಲ ಹಾಗಿರಬಹುದು. ಶಾಲೆಯ ಒಟ್ಟು ಹಾಜರಾತಿ ಚೆನ್ನಾಗಿದೆಯೆಂದು ಸಮಾಧಾನಪಟ್ಟುಕೊಂಡರೆ ಒಂದು ಮಗು ಎರಡು ತಿಂಗಳಿಂದ ವಾರಕ್ಕೆ ಎರಡೇ ದಿನ ಬರುತ್ತಿರುವುದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪ್ರತಿ ಸಭೆಯಲ್ಲಿಯೂ ಮುಖ್ಯ ಶಿಕ್ಷಕಿಯವರಿಂದ ಒಂದೇ ಪ್ರಶ್ನೆಗೆ ಉತ್ತರ ಪಡೆಯಿರಿ: ಈ ತಿಂಗಳು ಐದು ದಿನಕ್ಕಿಂತ ಹೆಚ್ಚು ಗೈರಾದ ಮಕ್ಕಳು ಯಾರು, ಕಾರಣವೇನು? ಆ ಮಕ್ಕಳ ಮನೆಗೆ ಶಿಕ್ಷಕರಿಗಿಂತ ಮೊದಲು ಸಮಿತಿಯ ಸದಸ್ಯರು, ಅದರಲ್ಲೂ ಅದೇ ಓಣಿಯವರು, ಹೋಗಬೇಕು. ಶಿಕ್ಷಕರು ಮನೆ ಬಾಗಿಲಿಗೆ ಬಂದರೆ ತಂದೆತಾಯಿಗಳು ಸಂಕೋಚದಿಂದ "ನಾಳೆಯಿಂದ ಕಳಿಸುತ್ತೇವೆ" ಎಂದುಬಿಡುತ್ತಾರೆ; ನೆರೆಮನೆಯವರು ಬಂದರೆ ಹಸುಗೂಸನ್ನು ನೋಡಿಕೊಳ್ಳಲು ದೊಡ್ಡ ಮಗಳನ್ನು ಮನೆಯಲ್ಲಿ ನಿಲ್ಲಿಸಿಕೊಂಡಿದ್ದೇವೆಂಬ ನಿಜವಾದ ಕಾರಣ ಹೊರಗೆ ಬರುತ್ತದೆ. ಆಗ ಆ ಕೂಸನ್ನು ಅಂಗನವಾಡಿಗೆ ಸೇರಿಸುವುದು ಸಾಧ್ಯವೇ ಎಂದು ಅಲ್ಲಿಯೇ ಯೋಚಿಸಬಹುದು.

ಇನ್ನು ಕಲಿಕೆ. ನಲಿ ಕಲಿ ತರಗತಿಗೆ ಹೋಗಿ ನೋಡಿದ ಪೋಷಕರಿಗೆ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕಾರ್ಡು ಹಿಡಿದು ಕುಳಿತಿರುವುದು ಕಂಡು, ಇಲ್ಲಿ ಪಾಠವೇ ನಡೆಯುತ್ತಿಲ್ಲವೆಂಬ ಭಾವನೆ ಬರುವುದುಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಆ ಪದ್ಧತಿಯಲ್ಲಿ ಪ್ರತಿ ಮಗುವೂ ಕಲಿಕಾ ಏಣಿಯ ಯಾವ ಮೆಟ್ಟಿಲಿನಲ್ಲಿದೆಯೆಂದು ಗುರುತು ಹಾಕುವ ವ್ಯವಸ್ಥೆ ಇದೆ. ಗೋಡೆಯ ಮೇಲಿನ ಆ ಪ್ರಗತಿ ನೋಟವನ್ನು ಓದುವುದು ಹೇಗೆಂದು ಸಮಿತಿಯ ತಾಯಂದಿರಿಗೆ ತೋರಿಸಿಕೊಡುವಂತೆ ಶಿಕ್ಷಕಿಯವರನ್ನು ಕೇಳಿ. ಅವರು ಸಂತೋಷದಿಂದ ತೋರಿಸುತ್ತಾರೆ, ಏಕೆಂದರೆ ತಾವು ಪಟ್ಟ ಶ್ರಮವನ್ನು ಯಾರೂ ಕೇಳುವುದಿಲ್ಲವೆಂಬ ಕೊರಗು ಶಿಕ್ಷಕರಿಗೆ ಬಹಳ ಇರುತ್ತದೆ. ಮೂರನೇ ತರಗತಿ ಮುಗಿಸುವಾಗ ಮಗು ಅರ್ಥ ಮಾಡಿಕೊಂಡು ಓದಬೇಕು, ಸರಳ ಲೆಕ್ಕ ಮಾಡಬೇಕು ಎಂಬುದು 2021ರಲ್ಲಿ ಆರಂಭವಾದ ನಿಪುಣ್ ಭಾರತ್ ಕಾರ್ಯಕ್ರಮದ ಗುರಿ. ನಿಮ್ಮ ಶಾಲೆಯ ಮೂರನೇ ತರಗತಿಯಲ್ಲಿ ಎಷ್ಟು ಮಕ್ಕಳು ಅಲ್ಲಿಗೆ ತಲುಪಿದ್ದಾರೆಂಬ ಪ್ರಶ್ನೆಯನ್ನು ವರ್ಷಕ್ಕೆ ಮೂರು ಬಾರಿಯಾದರೂ ಸೌಮ್ಯವಾಗಿ ಕೇಳಿ. ಹಾಗೆ ಕೇಳುವ ಸಮಿತಿಯನ್ನು ನಾನು ಮುಖ್ಯ ಶಿಕ್ಷಕನಾಗಿದ್ದಾಗ ಬಯಸುತ್ತಿದ್ದೆ.

ಕೊನೆಯದಾಗಿ ಒಂದು ಎಚ್ಚರಿಕೆ. ಖಾಲಿ ಪುಟಕ್ಕೆ, ಓದದ ನಿರ್ಣಯಕ್ಕೆ ಸಹಿ ಹಾಕಬೇಡಿ. ಅದರಿಂದ ಮುಖ್ಯ ಶಿಕ್ಷಕಿಯವರಿಗೇ ಮುಂದೆ ಲೆಕ್ಕಪರಿಶೋಧನೆಯಲ್ಲಿ ತೊಂದರೆಯಾಗುತ್ತದೆ.

ಉತ್ತರ 2: ಮಾಜಿ ಎಸ್‌ಡಿಎಂಸಿ ಅಧ್ಯಕ್ಷ, ಕೃಷಿಕ, ಶಿವಮೊಗ್ಗ ಜಿಲ್ಲೆ

ಗುರುಗಳು ಹೇಳಿದ್ದಕ್ಕೆ ನನ್ನ ಸಂಪೂರ್ಣ ಒಪ್ಪಿಗೆಯಿದೆ. ಹಣ ಮತ್ತು ಪಂಚಾಯಿತಿಯ ವಿಷಯದಲ್ಲಿ ನನಗೆ ತಿಳಿದಷ್ಟನ್ನು ಸೇರಿಸುತ್ತೇನೆ.

ಮೇಡಂ, ಮೊದಲು ಶಾಲೆಗೆ ಬರುವ ಹಣ ಎಷ್ಟೆಂದು ತಿಳಿದುಕೊಳ್ಳಿ. ಸಮಗ್ರ ಶಿಕ್ಷಣ ಯೋಜನೆಯ ಸಂಯುಕ್ತ ಶಾಲಾ ಅನುದಾನಕ್ಕೆ ದಾಖಲಾತಿಯೇ ಆಧಾರ. 30ಕ್ಕಿಂತ ಹೆಚ್ಚು, 100ರವರೆಗೆ ಮಕ್ಕಳಿರುವ ಶಾಲೆಗೆ ವರ್ಷಕ್ಕೆ 25,000 ರೂಪಾಯಿ ನಿಗದಿಯಾಗಿದೆ. ಅದರಲ್ಲಿ ಕನಿಷ್ಠ ಶೇ 10ರಷ್ಟನ್ನು ಸ್ವಚ್ಛತೆಗೆ ಬಳಸಬೇಕು, ಎಂದರೆ ನಿಮ್ಮ ಶಾಲೆಗೆ 2,500 ರೂಪಾಯಿ. ಫಿನೈಲ್, ಪೊರಕೆ, ಬಕೆಟ್ಟು, ಸೋಪಿಗೇ ಅದು ಸರಿಹೋಗುತ್ತದೆ. ಶೌಚಾಲಯ ತೊಳೆಯುವವರಿಗೆ ಕೂಲಿ ಕೊಡಲು ಸಾಲದು. ಮಕ್ಕಳಿಂದ ಶೌಚಾಲಯ ತೊಳೆಸುವುದು ಯಾವ ಕಾರಣಕ್ಕೂ ಕೂಡದು. ಆದ್ದರಿಂದ ಈ ಒಂದು ವಿಷಯವನ್ನು ಗ್ರಾಮ ಪಂಚಾಯಿತಿಯ ಮುಂದೆ ಲಿಖಿತವಾಗಿ ಇಡಬೇಕು. ನಮ್ಮಲ್ಲಿ ಪಂಚಾಯಿತಿಯವರು ತಮ್ಮ ಸ್ವಚ್ಛತಾ ಸಿಬ್ಬಂದಿಯನ್ನು ವಾರದಲ್ಲಿ ಗೊತ್ತಾದ ದಿನಗಳಂದು ಶಾಲೆಗೆ ಕಳಿಸಲು ಒಪ್ಪಿದ ಮೇಲೆಯೇ ಹೆಣ್ಣುಮಕ್ಕಳ ಶೌಚಾಲಯದ ಬೀಗ ತೆರೆದದ್ದು. ಅದಕ್ಕೆ ಮೊದಲು ಕಟ್ಟಡವಿತ್ತು, ನೀರೂ ಇತ್ತು, ಬಳಕೆ ಮಾತ್ರ ಇರಲಿಲ್ಲ.

ಪಂಚಾಯಿತಿಯಿಂದ ಕೆಲಸ ಆಗಬೇಕಾದರೆ ಕಾಲ ನೋಡಿ ಕೇಳಬೇಕು. ವಾರ್ಷಿಕ ಕ್ರಿಯಾ ಯೋಜನೆ ಸಿದ್ಧವಾಗುವ ಮೊದಲಿನ ಗ್ರಾಮಸಭೆಯಲ್ಲಿ ಸಮಿತಿಯ ನಿರ್ಣಯದ ಪ್ರತಿಯನ್ನು ಕೊಟ್ಟು, ಸ್ವೀಕೃತಿ ಪಡೆದು, ಸಭೆಯ ನಡಾವಳಿಯಲ್ಲಿ ಅದು ದಾಖಲಾಗುವವರೆಗೆ ಎದ್ದು ಬರಬಾರದು. ನಮ್ಮ ಶಾಲೆಯ ಆವರಣ ಗೋಡೆ ಮತ್ತು ಮಳೆನೀರು ಹೋಗುವ ಚರಂಡಿ ಉದ್ಯೋಗ ಖಾತರಿ ಯೋಜನೆಯಡಿ ಆದದ್ದು ಹೀಗೆ. ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ದೊಡ್ಡವರು ವರ್ಷಗಟ್ಟಲೆ ಹೇಳಿದ್ದಕ್ಕೆ ಕದಲದವರು, ಐದನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಮಳೆಗಾಲದಲ್ಲಿ ಹಳ್ಳ ತುಂಬಿದಾಗ ತನ್ನ ಕೇರಿಯ ಮಕ್ಕಳು ಅಡಿಕೆ ದಬ್ಬೆಯ ಕಾಲುಸಂಕ ದಾಟಲು ಹೆದರಿ ಶಾಲೆಗೇ ಬರುವುದಿಲ್ಲವೆಂದು ಹೇಳಿದ ಮೇಲೆ ಅಂದಾಜು ಪಟ್ಟಿ ತಯಾರಿಸಲು ಎಂಜಿನಿಯರನ್ನು ಕಳಿಸಿದರು. ಆ ಕೇರಿಯ ಮಕ್ಕಳ ಹಾಜರಾತಿ ಪುಸ್ತಕವನ್ನು ಜುಲೈ, ಆಗಸ್ಟ್ ತಿಂಗಳಲ್ಲಿ ತೆಗೆದು ನೋಡಿದವರಿಗೆ ಅವರೇಕೆ ಹಿಂದೆ ಬಿದ್ದರೆಂದು ಬೇರೆ ವಿವರಣೆ ಬೇಕಿರಲಿಲ್ಲ.

ದೇಣಿಗೆಯ ಬಗ್ಗೆ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಓದುತ್ತಿರುವ ಮಕ್ಕಳ ಪೋಷಕರಿಂದ ಹಣ ಕೇಳಬೇಡಿ. 2022ರ ಅಕ್ಟೋಬರ್‌ನಲ್ಲಿ ಎಸ್‌ಡಿಎಂಸಿಗಳು ಪೋಷಕರಿಂದ ತಿಂಗಳಿಗೆ 100 ರೂಪಾಯಿ ದೇಣಿಗೆ ಪಡೆಯಬಹುದೆಂಬ ಸುತ್ತೋಲೆ ಹೊರಟು, ಎಲ್ಲ ಕಡೆಯಿಂದ ವಿರೋಧ ಬಂದು, ಕೆಲವೇ ದಿನಗಳಲ್ಲಿ ಅದನ್ನು ಹಿಂಪಡೆಯಲಾಯಿತು. ಸ್ವಇಚ್ಛೆಯ ದೇಣಿಗೆಯೆಂದು ಬರೆದರೂ ಕೂಲಿ ಮಾಡುವ ತಾಯಿಗೆ ಅದು ಶುಲ್ಕದಂತೆಯೇ ಕೇಳಿಸುತ್ತದೆ. ಕೊಡಲಾಗದವರು ಮುಖ ತೋರಿಸಲು ನಾಚಿ ಸಭೆಗೇ ಬರುವುದನ್ನು ಬಿಡುತ್ತಾರೆ. ಹಳೆಯ ವಿದ್ಯಾರ್ಥಿಗಳು ತಾವಾಗಿ ಕೊಡಲು ಬಂದರೆ ಬೇಡವೆನ್ನಬೇಕಾಗಿಲ್ಲ. ರಸೀದಿ ಕೊಟ್ಟು, ಶಾಲೆಯ ಖಾತೆಗೇ ಹಾಕಿಸಿ, ಖರ್ಚಿನ ವಿವರವನ್ನು ಸೂಚನಾ ಫಲಕದಲ್ಲಿ ಬರೆಯಿರಿ. ಆದರೆ ಅವರಿಗೆ ಇಷ್ಟವಾದದ್ದನ್ನಲ್ಲ, ಶಾಲೆಗೆ ಬೇಕಾದದ್ದನ್ನು ಕೊಡಿಸುವ ಧೈರ್ಯ ಸಮಿತಿಗೆ ಇರಬೇಕು. ಕರೆಂಟು ಬಿಲ್ಲಿಗೆಂದು ಯಾರಲ್ಲಿಯೂ ಕೇಳುವ ಅಗತ್ಯವಿಲ್ಲ; ಸರ್ಕಾರಿ ಶಾಲೆಗಳಿಗೆ ಉಚಿತ ವಿದ್ಯುತ್ ಮತ್ತು ನೀರನ್ನು 2023ರ ರಾಜ್ಯೋತ್ಸವದ ದಿನವೇ ಘೋಷಿಸಲಾಗಿದೆ.

ಉತ್ತರ 3: ಪೋಷಕಿ ಮತ್ತು ಸಮಿತಿ ಸದಸ್ಯೆ, ಹಾಸನ ಜಿಲ್ಲೆ

ಅಕ್ಕಾ, ಸಭೆಯ ಸಮಯವನ್ನು ಮೊದಲು ಬದಲಾಯಿಸಿ. ನಮ್ಮಲ್ಲಿಯೂ ಮಧ್ಯಾಹ್ನ ಕರೆದರೆ ಯಾರೂ ಬರುತ್ತಿರಲಿಲ್ಲ. ಈಗ ಸಂಜೆ ಕೆಲಸದಿಂದ ಎಲ್ಲರೂ ಮರಳಿದ ಮೇಲೆ ಒಂದೊಂದು ತಿಂಗಳು ಒಂದೊಂದು ಬೀದಿಯಲ್ಲಿ ಸೇರುತ್ತೇವೆ. ಮುಖ್ಯ ಶಿಕ್ಷಕರು ಬಸ್ಸು ಹಿಡಿಯಬೇಕಾದ್ದರಿಂದ ಅವರು ಇರಲೇಬೇಕಾದ ಔಪಚಾರಿಕ ಸಭೆಯನ್ನು ಶನಿವಾರದ ಬೆಳಗಿನ ಶಾಲೆ ಮುಗಿದ ಕೂಡಲೇ ಇಟ್ಟುಕೊಂಡಿದ್ದೇವೆ. ಪರಿಶಿಷ್ಟರ ಕಾಲೊನಿಯಲ್ಲಿಯೂ ಸಭೆ ನಡೆಸಿದ ಮೇಲೆ, ಅದುವರೆಗೆ ಹೆಸರಿಗೆ ಮಾತ್ರ ಸದಸ್ಯರಾಗಿದ್ದ ಇಬ್ಬರು ತಾಯಂದಿರು ಮಾತನಾಡಲು ಆರಂಭಿಸಿದರು.

ಓದು ಬರಹ ಬಾರದ ತಾಯಂದಿರು ಏನು ಮಾಡಬಹುದೆಂದು ಹಲವರು ಕೇಳುತ್ತಾರೆ. ಬಿಸಿಯೂಟವನ್ನು ಅವರಿಗಿಂತ ಚೆನ್ನಾಗಿ ನೋಡಬಲ್ಲವರು ಯಾರೂ ಇಲ್ಲ. ಐದನೇ ತರಗತಿವರೆಗಿನ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ ಎಂದು ಲೆಕ್ಕವಿದೆ. 60 ಮಕ್ಕಳು ಬಂದ ದಿನ 1 ಕೆ.ಜಿ. 200 ಗ್ರಾಂ ಬೇಳೆ, 3 ಕೆ.ಜಿ. ತರಕಾರಿ ಪಾತ್ರೆಗೆ ಬೀಳಬೇಕು. ಸಾರಿನ ಸೌಟು ಎತ್ತಿದರೆ ಸಾಕು, ಬೇಳೆ ಎಷ್ಟಿದೆಯೆಂದು ನಮ್ಮ ತಾಯಂದಿರು ಹೇಳುತ್ತಾರೆ. ಅಡುಗೆಯವರ ಮೇಲೆ ಅನುಮಾನದಿಂದ ಇದನ್ನು ಮಾಡಬಾರದು, ಅವರೂ ನಮ್ಮೂರಿನ ಹೆಣ್ಣುಮಕ್ಕಳೇ, ಬಹಳ ಕಡಿಮೆ ಗೌರವಧನಕ್ಕೆ ದುಡಿಯುವವರು. ದಿನಕ್ಕೊಬ್ಬ ತಾಯಿ ಸರದಿಯಂತೆ ಬಂದು, ಮಕ್ಕಳಿಗೆ ಬಡಿಸುವ ಮೊದಲು ಊಟದ ರುಚಿ ನೋಡಿ, ರುಚಿ ಪುಸ್ತಕದಲ್ಲಿ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿ, ಮಕ್ಕಳೊಂದಿಗೆ ಕುಳಿತು ಉಂಡು ಹೋದರೆ ಅಡುಗೆಯವರಿಗೂ ಸಂತೋಷ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಸಿಗುತ್ತಿದೆಯೇ ಎಂಬುದೂ ಆಗ ತಿಳಿಯುತ್ತದೆ.

ಶೂ ಖರೀದಿಯನ್ನೂ ಸಮಿತಿಯೇ ಮಾಡುವುದರಿಂದ ಒಂದು ಮಾತು. ನಮ್ಮಲ್ಲಿ ತರಗತಿವಾರು ಅಳತೆಯೆಂದು ತಂದಾಗ ಅರ್ಧ ಮಕ್ಕಳಿಗೆ ಬಿಗಿಯಾಗುತ್ತಿತ್ತು, ಕೆಲವರು ಮನೆಯಲ್ಲಿಯೇ ಬಿಟ್ಟು ಬರಿಗಾಲಲ್ಲಿ ಬರುತ್ತಿದ್ದರು. ಕಳೆದ ಬಾರಿ ಹಳೆಯ ನೋಟ್‌ಬುಕ್ಕಿನ ರಟ್ಟಿನ ಮೇಲೆ ಪ್ರತಿ ಮಗುವಿನ ಪಾದವನ್ನು ಇರಿಸಿ, ಪೆನ್ಸಿಲಿನಿಂದ ಸುತ್ತ ಗೆರೆ ಎಳೆದು, ಬೆರಳಿನ ಮುಂದೆ ಸ್ವಲ್ಪ ಜಾಗ ಬಿಟ್ಟು ಕತ್ತರಿಸಿ, ಹಿಂದೆ ಹೆಸರು ಬರೆದು, ಆ ರಟ್ಟುಗಳ ಕಟ್ಟನ್ನೇ ಅಂಗಡಿಗೆ ಒಯ್ದೆವು. ಒಂದು ಮಧ್ಯಾಹ್ನದ ಕೆಲಸ ಅಷ್ಟೇ. ಎಲ್ಲ ಮಕ್ಕಳೂ ಶೂ ಹಾಕಿಕೊಂಡು ಬರುತ್ತಿದ್ದಾರೆ.

ಮನೆಯಲ್ಲಿ ಓದಿಸುವುದಕ್ಕೂ ಅಕ್ಷರ ಬರಬೇಕೆಂದಿಲ್ಲ. "ಇವತ್ತು ಓದಿದ್ದನ್ನು ನನಗೆ ಗಟ್ಟಿಯಾಗಿ ಓದಿ ಹೇಳು, ಅದರಲ್ಲಿ ಏನಾಯಿತು?" ಎಂದು ರೊಟ್ಟಿ ತಟ್ಟುವಾಗ ಕೇಳಿದರೆ ಮಗು ಓದುತ್ತದೆ. ತಡವರಿಸುತ್ತಿದೆಯೇ, ಸರಾಗವಾಗಿ ಓದುತ್ತಿದೆಯೇ ಎಂಬುದು ಕಿವಿಗೇ ತಿಳಿಯುತ್ತದೆ.

ಉತ್ತರ 4: ಇಂಗ್ಲೆಂಡಿನ ಪ್ರಾಥಮಿಕ ಶಾಲೆಯೊಂದರ ಪೋಷಕ ಗವರ್ನರ್, ಮೂಲತಃ ಧಾರವಾಡದವರು

ನಾನಿರುವ ದೇಶದ ವ್ಯವಸ್ಥೆಯನ್ನು ನಿಮ್ಮ ಮೇಲೆ ಹೇರುವ ಉದ್ದೇಶ ನನಗಿಲ್ಲ. ಇಲ್ಲಿಯ ಶಾಲೆಗಳಿಗಿರುವ ಹಣವೂ ಸಿಬ್ಬಂದಿಯೂ ಬೇರೆ. ಆದರೆ ನೀವು ಕೇಳಿದ ಪ್ರಶ್ನೆ, ಅಂದರೆ ಸಹಿ ಹಾಕುವುದು ಮತ್ತು ಬಾಗಿಲಲ್ಲಿ ನಿಂತು ಕಾವಲು ಕಾಯುವುದು ಇವೆರಡರ ನಡುವೆ ನಮ್ಮ ಜಾಗ ಯಾವುದೆಂಬುದು, ಇಲ್ಲಿಯೂ ಪ್ರತಿ ಹೊಸ ಗವರ್ನರ್ (ಶಾಲೆಯ ಆಡಳಿತ ಮಂಡಳಿಯ ಸದಸ್ಯ) ಕೇಳುವ ಪ್ರಶ್ನೆಯೇ.

ಇಲ್ಲಿ ಸ್ಥಳೀಯ ಆಡಳಿತದ ಶಾಲೆಗಳಲ್ಲಿ ಪೋಷಕ ಗವರ್ನರ್‌ಗಳನ್ನು ಪೋಷಕರೇ ಚುನಾಯಿಸುತ್ತಾರೆ, ಅವಧಿ ಸಾಮಾನ್ಯವಾಗಿ ನಾಲ್ಕು ವರ್ಷ, ಸಂಬಳವಿಲ್ಲ. ಮಂಡಳಿಗೆ ಮೂರು ಮುಖ್ಯ ಹೊಣೆಗಳು: ಶಾಲೆ ಸಾಗಬೇಕಾದ ದಿಕ್ಕನ್ನು ನಿಶ್ಚಯಿಸುವುದು, ಮಕ್ಕಳ ಕಲಿಕೆಯ ಬಗ್ಗೆ ಮುಖ್ಯ ಶಿಕ್ಷಕರಿಂದ ಉತ್ತರ ಪಡೆಯುವುದು, ಹಣ ಸರಿಯಾಗಿ ಖರ್ಚಾಗುವಂತೆ ನೋಡಿಕೊಳ್ಳುವುದು. ದಿನನಿತ್ಯದ ಆಡಳಿತ ಮುಖ್ಯ ಶಿಕ್ಷಕರದು. ಒಬ್ಬ ಗವರ್ನರ್‌ಗೆ ಒಬ್ಬರಾಗಿ ಯಾವ ಅಧಿಕಾರವೂ ಇಲ್ಲ, ಮಂಡಳಿ ಒಟ್ಟಾಗಿ ಕುಳಿತು ತೀರ್ಮಾನಿಸಿದರೆ ಮಾತ್ರ ಅಧಿಕಾರ. ಶಾಲೆಗೆ ಭೇಟಿ ಕೊಡುವುದಾದರೆ ಮೊದಲೇ ದಿನ ಗೊತ್ತುಮಾಡಿಕೊಂಡು, ಯಾವ ವಿಷಯ ನೋಡುತ್ತೇವೆಂದು ತಿಳಿಸಿ ಹೋಗುತ್ತೇವೆ. ಶಿಕ್ಷಕರ ಪಾಠವನ್ನು ಅಳೆಯುವುದು ನಮ್ಮ ಕೆಲಸವಲ್ಲ. ಈ ಕಟ್ಟುಪಾಡನ್ನು ನಿಮ್ಮ ಸಮಿತಿಯೂ ತನಗೆ ತಾನೇ ಹಾಕಿಕೊಂಡರೆ ಶಿಕ್ಷಕರ ಆತಂಕ ಬಹುಪಾಲು ಕಡಿಮೆಯಾದೀತೆಂದು ನನಗೆ ಅನ್ನಿಸುತ್ತದೆ.

ಹಣ ಸಂಗ್ರಹಕ್ಕೆ ಇಲ್ಲಿ ಪೋಷಕರು ಮತ್ತು ಶಿಕ್ಷಕರ ಸಂಘವೇ ಬೇರೆ ಇರುತ್ತದೆ. ಬೇಸಿಗೆ ಜಾತ್ರೆ, ಹಳೆಯ ಪುಸ್ತಕ ಮಾರಾಟಗಳನ್ನು ಅವರು ನಡೆಸುತ್ತಾರೆ. ಹಣ ಎತ್ತುವವರೂ ಶಾಲೆಯನ್ನು ಪ್ರಶ್ನಿಸುವವರೂ ಒಬ್ಬರೇ ಆಗದಿರುವುದರಿಂದ ಎರಡೂ ಕೆಲಸ ನಿರಾಳವಾಗಿ ನಡೆಯುತ್ತವೆ. ಮತ್ತೊಂದು ಪದ್ಧತಿ ನಿಮಗೆ ನೇರವಾಗಿ ಉಪಯೋಗವಾದೀತು: ಪ್ರತಿಯೊಬ್ಬ ಗವರ್ನರ್ ತನ್ನ ಅಥವಾ ತನ್ನ ಮನೆಯವರ ಹಿತಾಸಕ್ತಿಯನ್ನು ಲಿಖಿತವಾಗಿ ಘೋಷಿಸಬೇಕು. ಸದಸ್ಯರ ತಮ್ಮನೇ ದುರಸ್ತಿ ಕೆಲಸದ ಗುತ್ತಿಗೆಗೆ ಬಂದಿದ್ದರೆ, ಆ ಸದಸ್ಯರು ಅದನ್ನು ಹೇಳಿ ಆ ಚರ್ಚೆಯ ಹೊತ್ತಿಗೆ ಹೊರಗೆ ಹೋಗುತ್ತಾರೆ. ಸಣ್ಣ ಊರಿನಲ್ಲಿ ಎಲ್ಲರೂ ನೆಂಟರೇ ಆಗಿರುವುದರಿಂದ ಇದು ಇನ್ನೂ ಹೆಚ್ಚು ಅಗತ್ಯ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗುರುಗಳೇ, ನೀವು ಹೇಳಿದಂತೆ ಅಂಗನವಾಡಿ ಕಾರ್ಯಕರ್ತೆಯವರೊಡನೆ ಕುಳಿತು ಪಟ್ಟಿ ಮಾಡುತ್ತಿದ್ದೇವೆ. ಮುಂದಿನ ಜೂನ್‌ಗೆ ಒಂದನೇ ತರಗತಿಗೆ ಬರಬಹುದಾದ ಮಕ್ಕಳು ನಾನೆಣಿಸಿದ್ದಕ್ಕಿಂತ ಹೆಚ್ಚಾಗಿದ್ದಾರೆ. ಆ ತಾಯಂದಿರು ಕೇಳುವ ಮೊದಲ ಪ್ರಶ್ನೆ ಇಂಗ್ಲಿಷಿನದು. ಇನ್ನೊಂದು ಸಂದೇಹವೂ ಇದೆ. ಗೈರಾದ ಮಕ್ಕಳ ಮತ್ತು ಓದಲು ಬಾರದ ಮಕ್ಕಳ ವಿಷಯವನ್ನು ನಡಾವಳಿಯಲ್ಲಿ ಬರೆದರೆ ಮೇಲಿನ ಅಧಿಕಾರಿಗಳು ತಮ್ಮನ್ನೇ ಕಾರಣ ಕೇಳುತ್ತಾರೆಂದು ನಮ್ಮ ಮುಖ್ಯ ಶಿಕ್ಷಕಿಯವರು ಹಿಂಜರಿಯುತ್ತಿದ್ದಾರೆ. ಅವರಿಗೆ ತೊಂದರೆಯಾಗದಂತೆ ಇದನ್ನು ಹೇಗೆ ದಾಖಲಿಸಬೇಕು?

ಉತ್ತರ: ನಿವೃತ್ತ ಮುಖ್ಯ ಶಿಕ್ಷಕರು, ಕೊಪ್ಪಳ ಜಿಲ್ಲೆ

ಅವರ ಹಿಂಜರಿಕೆ ಸಹಜವಾದದ್ದು, ಅದನ್ನು ಗೌರವಿಸಿ. ಮಕ್ಕಳ ಹೆಸರುಗಳನ್ನು ನಡಾವಳಿಯಲ್ಲಿ ಬರೆಯಬೇಡಿ; ಓದಲು ಬಾರದ ಮಗುವಿನ ಹೆಸರು ಊರಿನ ಬಾಯಿಗೆ ಬೀಳಬಾರದು. ಹೆಸರಿನ ಪಟ್ಟಿ ಶಿಕ್ಷಕಿಯವರ ಬಳಿಯಲ್ಲಿಯೇ ಇರಲಿ, ಮನೆಗೆ ಹೋಗುವ ಸದಸ್ಯರಿಗೆ ಬಾಯಿಮಾತಿನಲ್ಲಿ ತಿಳಿಸಿದರೆ ಸಾಕು. ನಡಾವಳಿಯಲ್ಲಿ ಸಂಖ್ಯೆ, ಕಾರಣ, ಸಮಿತಿ ಮಾಡಲಿರುವ ಕೆಲಸ ಇಷ್ಟನ್ನೇ ಬರೆಯಿರಿ. "ಅಡಿಕೆ ಕೆಲಸದ ಕಾರಣ ಇಷ್ಟು ಮಕ್ಕಳು ಗೈರಾಗಿದ್ದು, ಇಂಥ ಸದಸ್ಯರು ಮನೆ ಭೇಟಿ ಮಾಡಲು ತೀರ್ಮಾನಿಸಲಾಯಿತು" ಎಂದು ಬರೆದರೆ ಅದು ಶಿಕ್ಷಕರ ತಪ್ಪಿನ ದಾಖಲೆಯಾಗುವುದಿಲ್ಲ, ಸಮಿತಿ ಹೊತ್ತುಕೊಂಡ ಹೊಣೆಯ ದಾಖಲೆಯಾಗುತ್ತದೆ. ಅದರ ಕೆಳಗೆ, 64 ಮಕ್ಕಳಿಗೆ ಮೂವರು ಕಾಯಂ ಶಿಕ್ಷಕರಿರಬೇಕಾದಲ್ಲಿ ಇಬ್ಬರೇ ಇದ್ದಾರೆಂಬುದನ್ನೂ ಪ್ರತಿ ಸಭೆಯಲ್ಲಿ ತಪ್ಪದೆ ದಾಖಲಿಸಿ. ಕಲಿಕೆ ಹಿಂದುಳಿದಿದ್ದರೆ ಅದಕ್ಕೆ ಯಾರನ್ನು ಕೇಳಬೇಕೆಂಬುದು ಓದಿದವರಿಗೆ ತಾನಾಗಿ ತಿಳಿಯುತ್ತದೆ.

ಇಂಗ್ಲಿಷಿನ ಬಗ್ಗೆ ಆ ತಾಯಂದಿರಿಗೆ ಇರುವುದನ್ನು ಇದ್ದಂತೆ ಹೇಳಿ. 2007-08ರಿಂದ ಸರ್ಕಾರಿ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಒಂದು ವಿಷಯವಾಗಿದೆ. ಆಂಗ್ಲ ಮಾಧ್ಯಮ ವಿಭಾಗಗಳು 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆರಂಭವಾದವು. ನಿಮ್ಮಲ್ಲಿ ಅಂಥ ವಿಭಾಗವಿಲ್ಲದಿದ್ದರೆ ಇದೆಯೆಂದು ಆಸೆ ತೋರಿಸಬೇಡಿ. ಮಾತಿಗಿಂತ ಕಣ್ಣಾರೆ ಕಂಡದ್ದು ಹೆಚ್ಚು ನಂಬಿಕೆ ಕೊಡುತ್ತದೆ. ಮಕ್ಕಳ ಕಲಿಕೆಯನ್ನು ಪೋಷಕರಿಗೆ ತೋರಿಸುವ ಸಮುದಾಯದತ್ತ ಶಾಲೆ ಕಾರ್ಯಕ್ರಮದ ದಿನ ಆ ತಾಯಂದಿರನ್ನೂ ಕರೆಯಿರಿ, ಅವರ ಮಕ್ಕಳನ್ನೂ ಕರೆತರಲು ಹೇಳಿ. ನಿಮ್ಮ ಮಗಳ ತರಗತಿಯ ಮಕ್ಕಳು ಕನ್ನಡ ಪುಸ್ತಕದ ಒಂದು ಪುಟವನ್ನೂ ಇಂಗ್ಲಿಷ್ ಪುಸ್ತಕದ ನಾಲ್ಕು ಸಾಲನ್ನೂ ಅವರ ಎದುರಿಗೇ ಓದಲಿ. ಆ ಪುಟವನ್ನು ಮೊದಲೇ ಬಾಯಿಪಾಠ ಮಾಡಿಸಬೇಡಿ. ಬಂದ ತಾಯಂದಿರೇ ಪುಸ್ತಕ ತೆರೆದು ಪುಟ ಆರಿಸಿಕೊಡಲಿ. ಅಲ್ಲಿಯವರೆಗೆ ಉಳಿದಿರುವ ವಾರಗಳಲ್ಲಿ ಶಿಕ್ಷಕಿಯರು ಯಾವ ಮಕ್ಕಳ ಕಡೆ ಹೆಚ್ಚು ಗಮನ ಕೊಡಬೇಕೆಂಬುದನ್ನು ಅವರೇ ಹೇಳುತ್ತಾರೆ. ಆ ಮಕ್ಕಳನ್ನು ಸಂಜೆ ಓದಲು ಕೂರಿಸುವುದಕ್ಕೆ ಊರಿನಲ್ಲಿರುವ ಕಾಲೇಜು ಹುಡುಗಿಯರಲ್ಲಿ ಯಾರು ಸಿಗುತ್ತಾರೆಂದು ನೀವು ಈ ವಾರವೇ ವಿಚಾರಿಸಿ.